ಕಾಲು ಕಲಿತ ಇಂಗ್ಲಿಷು

ಹೋದ ತಿಂಗಳು ಮನೆಯ ಫರಸಿಕಲ್ಲುಗಳಿಗೆ ಪಾಲಿಶು ಮಾಡಿಸಬೇಕೆಂದು ಗೌಂಡಿಯನ್ನು ಕರೆಸಿದ್ದೆವು. ಜಮಖಂಡಿಯ ಹಳೆಯ ಓಣಿಯಲ್ಲಿರುವ ನಮ್ಮ ಮನೆ ದೊಡ್ಡದೇನಲ್ಲ; ಆದರೆ ಪಡಸಾಲೆಗೆ ಹಾಸಿದ ಬೂದು ಬಣ್ಣದ ಕಲ್ಲುಗಳು ಬೇಸಿಗೆಯ ಮಧ್ಯಾಹ್ನ ಚಾಪೆ ಬಿಟ್ಟು ಬರಿ ನೆಲಕ್ಕೇ ಮಲಗಬೇಕೆನ್ನಿಸುವಷ್ಟು ತಂಪಾಗಿರುತ್ತವೆ. ಗೌಂಡಿ ಕಿಟಕಿಯ ಬದಿಯಲ್ಲಿದ್ದ ನನ್ನ ಓದುವ ಮೇಜನ್ನು ಸರಿಸಿ, ಕುಕ್ಕರಗಾಲಿನಲ್ಲಿ ಕುಳಿತು, ಅಂಗೈಯಿಂದ ನೆಲ ಸವರಿದ. ಆಮೇಲೆ ತಲೆಯೆತ್ತಿ, “ಬಾಯಾರ, ಇಲ್ಲಿ ಕುಂತು ಏನರ ಕುಟ್ಟತಿದ್ರೇನ್ರಿ?” ಎಂದು ಕೇಳಿದ.

“ಇಲ್ಲಪ್ಪ. ಓದತೀನಿ, ಮಕ್ಕಳ ಪೇಪರ ತಿದ್ದತೀನಿ. ಅಷ್ಟ.”

“ಓದಿದ್ರ ಕಲ್ಲ ಸವೀತಾವೇನ್ರಿ? ಹಂಗಂದ್ರ ನಮ್ಮ ಹುಡುಗನ ಕ್ವಾಣ್ಯಾಗಿನ ಕಲ್ಲ ಇನ್ನೂ ಹೊಸಾವ ಅದಾವು ನೋಡ್ರಿ,” ಎಂದು ಅವನು ನಕ್ಕ.

ನಾನೂ ನಕ್ಕು, ಬಗ್ಗಿ ನೋಡಿದೆ. ಕಲ್ಲಿನ ಮೇಲೆ, ಗೇಣಿನಷ್ಟು ಅಂತರದಲ್ಲಿ, ಎರಡು ಕಡೆ ಹೊಳಪು ಬಂದಿತ್ತು. ಗೌಂಡಿ ಇನ್ನೂ ಪಾಲಿಶು ಮುಟ್ಟಿಸಿರಲಿಲ್ಲ. ಅದು ನನ್ನ ಕಾಲುಗಳು ವರ್ಷಗಟ್ಟಲೆ ತಾಕಿ ತಾಕಿ ಮಾಡಿದ ಕೆಲಸ. ಸವೆದ ಕಲ್ಲನ್ನು ಕಿತ್ತು ಹೊಸದು ಹಾಕುವುದೋ, ಸುತ್ತಲಿನದನ್ನೆಲ್ಲ ಉಜ್ಜಿ ಅದರ ಮಟ್ಟಕ್ಕೆ ತರುವುದೋ ಹೇಳಿರಿ ಎಂದು ಅವನು ಕೇಳಿದ. ಈ ಮೂಲೆಯನ್ನು ಕೊನೆಗೆ ನೋಡೋಣ ಎಂದು ಅವನನ್ನು ಅಡಿಗೆಮನೆಯ ಕಡೆಗೆ ಕಳಿಸಿದೆ.

ನೀವೂ ಒಮ್ಮೆ ನಿಮ್ಮ ಮನೆಯನ್ನು ಹೀಗೆ ನೋಡಿ. ಹೊಸ್ತಿಲು ಎಲ್ಲ ಕಡೆಗೂ ಒಂದೇ ಸಮ ಸವೆದಿರುವುದಿಲ್ಲ, ಬೀಸುಕಲ್ಲಿನ ಗೂಟ ಒಂದೇ ಮಗ್ಗುಲಿಗೆ ತೆಳ್ಳಗಾಗಿರುತ್ತದೆ, ಗೋಡೆಗೆ ಒರಗಿ ಕೂಡುತ್ತಿದ್ದ ಹಿರಿಯರ ತಲೆಯೆಣ್ಣೆಯ ಕಲೆ ಎಷ್ಟು ಸುಣ್ಣ ಬಳಿದರೂ ಮತ್ತೆ ಮೂಡುತ್ತದೆ. ನಾವು ಮಾಡಿದ್ದನ್ನು ನಾವು ಮರೆತರೂ ವಸ್ತುಗಳು ಮರೆಯುವುದಿಲ್ಲ. ನನಗೊಂದು ಚಟವಿದೆ: ಇಂಗ್ಲಿಷಿನಲ್ಲಿ ಏನನ್ನಾದರೂ ಓದುವಾಗ, ವಿಶೇಷವಾಗಿ ವ್ಯಾಕರಣ ಓದುವಾಗ, ನನ್ನ ಎರಡೂ ಕಾಲುಗಳು ಒಂದಾದ ಮೇಲೊಂದು ನೆಲವನ್ನು ಒತ್ತುತ್ತವೆ. ಕನ್ನಡ ಓದುವಾಗ ಹಾಗಾಗುವುದಿಲ್ಲ. ಇಪ್ಪತ್ತು ವರ್ಷ ಇಂಗ್ಲಿಷು ಕಲಿಸಿದ್ದೇನೆ. ತರಗತಿಯಲ್ಲಿ ನಿಂತೇ ಇರುವುದರಿಂದ ಮಕ್ಕಳಿಗೆ ಇದು ಗೊತ್ತಾಗಿಲ್ಲ. ಮೇಜಿನ ಕೆಳಗಿನ ಕಲ್ಲಿಗೆ ಗೊತ್ತಾಗಿದೆ. ಈ ಚಟ ನನ್ನದಲ್ಲ. ಮಾದೇವಿಯದು.

ನನ್ನ ತಂದೆ ಅಂಚೆ ಕಚೇರಿಯಲ್ಲಿದ್ದರು. ಅವರಿಗೆ ಬನಹಟ್ಟಿಗೆ ವರ್ಗವಾದಾಗ ನಾವು ನೇಕಾರರ ಓಣಿಯಲ್ಲಿ, ಶಿವಲಿಂಗಪ್ಪ ಕಾಕಾನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೆವು. ಮಾದೇವಿ ಅವನ ಒಬ್ಬಳೇ ಮಗಳು, ನನ್ನ ಓರಗೆಯವಳು. ಅವರ ಮನೆಯ ಮುಂಭಾಗದಲ್ಲಿ ಕುಣಿಮಗ್ಗವಿತ್ತು. ನೋಡದವರಿಗಾಗಿ ಹೇಳುತ್ತೇನೆ: ನೆಲದಲ್ಲಿ ಮೊಣಕಾಲುದ್ದ ಕುಣಿ ತೋಡಿ, ಅದರ ದಂಡೆಯ ಮೇಲೆ ನೇಯುವವರು ಕೂತು ಕಾಲು ಇಳಿಬಿಡುತ್ತಾರೆ. ಕುಣಿಯೊಳಗೆ ತುಳಿಯುವುದಕ್ಕೆ ಎರಡು ಮರದ ಪಟ್ಟಿಗಳು. ಒಂದನ್ನು ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಬಲಗೈಯಿಂದ ಹಗ್ಗ ಜಗ್ಗಿದರೆ ಆ ಬಾಯಿಯೊಳಗಿಂದ ಲಾಳಿ ಅಡ್ಡಕ್ಕೆ ಸೇರುವ ಹೊಕ್ಕಿನ ಎಳೆಯನ್ನು ಎಳೆದುಕೊಂಡು ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಎಡಗೈ, ಎಳೆಗಳನ್ನು ಒತ್ತಾಗಿ ಕೂಡಿಸುವ ಹಲಿಗೆಯನ್ನು ತನ್ನತ್ತ ಎಳೆದು ‘ಧಡ್’ ಎಂದು ಬಡಿಯುತ್ತದೆ. ಆಮೇಲೆ ಇನ್ನೊಂದು ಕಾಲು. ಓಣಿಯ ಮನೆಮನೆಯಲ್ಲೂ ಬೆಳಗಿನಿಂದ ಸಂಜೆಯ ತನಕ ಇದೇ ಸಪ್ಪಳ. ಬಂದ ಹೊಸದರಲ್ಲಿ ನನ್ನ ತಾಯಿಗೆ ತಲೆನೋವು ಬರುತ್ತಿತ್ತು. ಆರು ತಿಂಗಳಾದ ಮೇಲೆ ಸಪ್ಪಳ ನಿಂತರೇ ಎಚ್ಚರಾಗುವಂತಾಯಿತು.

ಆ ಓಣಿಯಲ್ಲಿ ಒಂದು ರೂಢಿಯಿತ್ತು. ಮಗ್ಗ ನಡುವೆ ನಿಂತಿತೆಂದರೆ, ಒಳಗಿರಲಿ ಹೊರಗಿರಲಿ, ಕೇಳಿಸಿಕೊಂಡವರು ಯಾರಾದರೂ ಕೂಗಿ ಕೇಳಬೇಕು: “ಯಾಕ, ಹರೀತೇನು?” ಎಳೆ ಹರಿಯಿತೇ ಎಂದು. ನೇಯುವವರು “ಹರದಿಲ್ಲ, ಕಂಡಿಕಿ ತೀರೈತಿ” ಎಂದರೆ ಲಾಳಿಯೊಳಗಿನ ಪುಟ್ಟ ಸುರುಳಿಯ ನೂಲು ಮುಗಿದಿದೆ ಎಂದರ್ಥ. ಆಗ ಹೊಸದೊಂದು ಕಂಡಿಕೆ ಸುತ್ತಿ ಕೊಡುತ್ತಾರೆ. “ಹರೀತು” ಎಂದರೆ ಒಬ್ಬರು ಎದ್ದು ಬಂದು ತುದಿ ಹುಡುಕಿ ಗಂಟು ಹಾಕಲು ಕೈಜೋಡಿಸುತ್ತಾರೆ. ಕೇಳದೆ ಸುಮ್ಮನಿರುವುದು ಆ ಓಣಿಯಲ್ಲಿ, ಎಡವಿ ಬಿದ್ದವರನ್ನು ನೋಡಿ ನೋಡದಂತೆ ಹೋಗುವುದಕ್ಕೆ ಸಮ.

ಶಿವಲಿಂಗಪ್ಪ ಕಾಕಾನಿಗೆ ಕಣ್ಣು ಮಬ್ಬಾಗಿ, ತೆಳುವಾದ ಎಳೆಗಳು ಕಾಣದಂತಾದ ಮೇಲೆ ಮಾದೇವಿಯೇ ಮಗ್ಗಕ್ಕೆ ಕೂತಳು. ಕಾಕಾ ಕಟ್ಟೆಯ ಮೇಲೆ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದ. ಅದಕ್ಕೆ ಕಣ್ಣಿಗಿಂತ ಬೆರಳು ಮುಖ್ಯ. ಮಾದೇವಿ ಮುಂಜಾನೆ ನೇಯ್ದು, ಸಾಲಿಗೆ ಬಂದು, ಮತ್ತೆ ಸಂಜೆ ನೇಯುತ್ತಿದ್ದಳು. ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ನಾವಿಬ್ಬರೂ ಇಂಗ್ಲಿಷೊಂದರಲ್ಲಿ ಬಿದ್ದೆವು. ನನ್ನ ಮನೆಯಲ್ಲಿ ಅದು ಒಂದು ದಿನದ ಬೈಗಳದ ಮಾತು. ಮಾದೇವಿಯ ಮನೆಯಲ್ಲಿ ಹಾಗಿರಲಿಲ್ಲ. ಅಕ್ಟೋಬರಿನಲ್ಲಿ ಪಾಸಾದರೆ ಅವಳನ್ನು ಮಾಸ್ತರಿಕೆಯ ತರಬೇತಿಗೆ ಕಳಿಸುವುದು, ಇಲ್ಲವಾದರೆ ರಬಕವಿಯಲ್ಲಿ ನೋಡಿಟ್ಟ ಮನೆಗೆ ಲಗ್ನ ಮಾಡಿ ಕೊಡುವುದು ಎಂದು ಕಾಕಾ ಬೀಗರಿಗೂ ಮಗಳಿಗೂ ಒಂದೇ ದಿನ ಮಾತು ಕೊಟ್ಟಿದ್ದ. “ಇದೊಂದ ಸಲ ನೋಡವ್ವ. ಇನ್ನೊಂದ ಸಲ ಅನ್ನಾಕ ನನ್ನ ಕಡೆ ಆಗೂದಿಲ್ಲ,” ಎಂದದ್ದನ್ನು ನಾನೇ ಕೇಳಿದ್ದೇನೆ. ಗದರಿಸಿ ಹೇಳಿದ ಮಾತಲ್ಲ. ಬೇಡಿಕೊಂಡಂತಿತ್ತು.

ಸಾಲಿಯಿಂದ ನಿವೃತ್ತರಾಗಿದ್ದ ಗುಂಡೋಪಂತ ಮಾಸ್ತರರು ಬೆಳಿಗ್ಗೆ ತಮ್ಮ ಮನೆಯ ಪಡಸಾಲೆಯಲ್ಲಿ ಬಿದ್ದವರಿಗೆಂದೇ ಪಾಠ ಹೇಳುತ್ತಿದ್ದರು. ಮಾದೇವಿಗೆ ಆ ಹೊತ್ತು ಮಗ್ಗದ್ದು. ಆದ್ದರಿಂದ ನಾನು ಪಾಠ ಕೇಳಿ ಬಂದು, ಕುಣಿಯ ಇನ್ನೊಂದು ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಅವಳಿಗೆ ಹೇಳುವುದು ರೂಢಿಯಾಯಿತು. ಅವಳು ಕೈ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸದೆ, ನಾನು ಹೇಳಿದ್ದನ್ನು ಮಗ್ಗದ ಲಯಕ್ಕೆ ಹೊಂದಿಸಿಕೊಂಡು ತಿರುಗಿ ಹೇಳುತ್ತಿದ್ದಳು.

ಹಿಂದೆ ದಿನವೂ ಮಾಡುತ್ತಿದ್ದು ಈಗ ಬಿಟ್ಟ ಕೆಲಸವನ್ನು ಹೇಳಲು ಇಂಗ್ಲಿಷಿನಲ್ಲಿ ‘ಯೂಸ್ಡ್ ಟು’ ಎಂದು ಸೇರಿಸಬೇಕು ಎಂಬುದು ಆ ವಾರದ ಪಾಠ. ಮಾದೇವಿ ಎಡಗಾಲು ಒತ್ತುತ್ತ ‘ಮಾಯ್ ಅಂಕಲ್’ ಎನ್ನುವಳು. ಲಾಳಿ ಓಡುವಾಗ ‘ಯೂಸ್ಡ್ ಟು’. ಹಲಿಗೆ ಬಡಿಯುವಾಗ ‘ಸಿಂಗ್’. ಬಲಗಾಲು ಒತ್ತುವಾಗ ‘ಲೌಡ್ಲಿ’. ಹೀಗೆ ಅವಳ ಕಾಕಾಮಾಮಂದಿರೆಲ್ಲ ಒಬ್ಬೊಬ್ಬರಾಗಿ ಹಿಂದೊಮ್ಮೆ ಜೋರಾಗಿ ಹಾಡುತ್ತಿದ್ದರು, ಮೆಲ್ಲಗೆ ನಡೆಯುತ್ತಿದ್ದರು, ಸಿಟ್ಟಿನಿಂದ ಉಣ್ಣುತ್ತಿದ್ದರು. ಸಿಟ್ಟಿನಿಂದ ಉಣ್ಣುವ ಸೋದರಮಾವನ ವಾಕ್ಯ ಬಂದಾಗಲೆಲ್ಲ ಹಲಿಗೆ ಸ್ವಲ್ಪ ಬಲವಾಗಿ ಬೀಳುತ್ತಿತ್ತು.

ಗುಣವಾಚಕ, ಕ್ರಿಯಾವಿಶೇಷಣಗಳ ವ್ಯತ್ಯಾಸ ನನಗೆ ಮಾಸ್ತರರು ಎಷ್ಟು ಸಲ ಹೇಳಿದರೂ ನಿಲ್ಲುತ್ತಿರಲಿಲ್ಲ. ಮಾದೇವಿಗೆ ಹೇಳಲು ಹೋಗಿ ತಡವರಿಸಿದಾಗ ಅವಳೇ ನನಗೆ ತಿಳಿಸಿದಳು: “ಭಾಳ ತಲಿ ಕೆಡಿಸ್ಕೋಬ್ಯಾಡಲೇ ಸುಮಿ. ‘ಸ್ಲೋ’ ಅನ್ನೂದು ಹಾಸಿನಂಗ, ಹೆಸರಿನ ಮಗ್ಗಲದಾಗ ಸುಮ್ಮನ ನಿಂತಿರತೈತಿ. ‘ಸ್ಲೋಲಿ’ ಹೊಕ್ಕಿನಂಗ. ಕೆಲಸ ನಡದ್ರ ಓಡಿಕೋಂತ ಬರತೈತಿ. ಕೆಲಸ ಇಲ್ಲಂದ್ರ ಅದೂ ಇಲ್ಲ.” ಇವತ್ತಿಗೂ ತರಗತಿಯಲ್ಲಿ ನಾನು ಇದನ್ನೇ ಹೇಳುತ್ತೇನೆ. ಯಾರ ಮಾತು ಎಂದು ಹೇಳಿಯೇ ಹೇಳುತ್ತೇನೆ. ಮಕ್ಕಳು ಹಾಸು ಹೊಕ್ಕು ಎಂದರೇನು ಎಂದು ಕೇಳುತ್ತಾರೆ.

ಒಂದು ವಾಕ್ಯಕ್ಕೆ ಮಾತ್ರ ಅವಳು ಒಪ್ಪಲಿಲ್ಲ. ಮಾಸ್ತರರು ಎಲ್ಲರಿಗೂ ತಂತಮ್ಮ ತಂದೆಯ ಮೇಲೆ ಒಂದು ವಾಕ್ಯ ಮಾಡಿಕೊಂಡು ಬರಲು ಹೇಳಿದ್ದರು. ‘ನನ್ನ ತಂದೆ ನೇಯುತ್ತಿದ್ದರು’ ಎಂದು ಮಾಡು ಅಂದೆ. ಅವಳು ಹಗ್ಗ ಜಗ್ಗದೆ ನನ್ನನ್ನು ನೋಡಿದಳು. “ಯೂಸ್ಡ್ ಟು ಅಂದ್ರ ಇನ್ನ ಮ್ಯಾಲ ಇಲ್ಲ ಅಂದಂಗಲ್ಲೇನ? ಅಪ್ಪ ಕಣ್ಣ ತೋರಿಸ್ಕೊಂಡು ಮತ್ತ ಕುಂದ್ರಾಂವ ಅದಾನ. ಅದನ್ನ ನಾ ಹೇಳೂದಿಲ್ಲ.”

ಕಟ್ಟೆಯ ಮೇಲಿಂದ ಕಾಕಾ ಕೂಗಿದ: “ಯಾಕವ್ವ, ಹರೀತೇನು?”

“ಇಲ್ಲಪ್ಪಾ,” ಎಂದು ಅವಳು ಮತ್ತೆ ತುಳಿಯತೊಡಗಿದಳು. ಮಾಸ್ತರರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮೀಸೆ ತೀಡಿ, “ಖರೆ ಅದ. ಬ್ಯಾಡ ಬಿಡು. ಅಂಕಲ್ಲನ ಮ್ಯಾಲೇ ನಡೀಲಿ,” ಎಂದರು.

ಆ ಕುತೂಹಲಕ್ಕೇ ಇರಬೇಕು, ಒಂದು ದಿನ ಮಾಸ್ತರರೇ ಮಗ್ಗದ ಮನೆಗೆ ಬಂದರು. ಕಾಕಾ ಎದ್ದು ನಿಂತು, ಮೈಮೇಲಿನ ನೂಲಿನ ಧೂಳು ಜಾಡಿಸಿಕೊಂಡು, “ಬರ್ರಿ ಮಾಸ್ತರ, ನಮ್ಮ ಸಾಲಿಗೆ,” ಎಂದ. ಮಾದೇವಿ ನೇಯುತ್ತ ನೇಯುತ್ತ ಹೇಳಿದ ವಾಕ್ಯಗಳನ್ನು ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಒಂದೂ ತಪ್ಪಿರಲಿಲ್ಲ. ಅವರು ಕೊಟ್ಟ ಹೊಸ ಶಬ್ದಗಳೂ ಕಾಲಿನಿಂದ ಕಾಲಿಗೆ ಬರುವಷ್ಟರಲ್ಲಿ ಸರಿಯಾದ ರೂಪ ತೊಟ್ಟು ಬರುತ್ತಿದ್ದವು. “ಮೂವತ್ತ ವರ್ಷ ಕಲಿಸೇನಿ ಶಿವಲಿಂಗಪ್ಪ, ಇಷ್ಟು ಸರಾಗ ಯಾವ ಹುಡುಗೂರ ಬಾಯಿಂದ್ಲೂ ಕೇಳಿಲ್ಲ,” ಎಂದವರು, ಆಮೇಲೆ ತಮಾಷೆಗೆ, “ತಂಗೀ, ಈಗ ಕಾಲ ನಿಲ್ಲಿಸಿ ಒಂದ ವಾಕ್ಯ ಹೇಳು ನೋಡೋಣು,” ಎಂದರು.

ಮಾದೇವಿ ಕಾಲು ನಿಲ್ಲಿಸಿದಳು. ಬಾಯಿ ತೆರೆದಳು. ‘ಮಾಯ್ ಅಂಕಲ್’ ಎಂದಳು. ಅಲ್ಲಿಗೆ ನಿಂತಿತು. ಓಡಬೇಕಾದ ಲಾಳಿ ಓಡಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಮಾಸ್ತರರ ಮುಖ ನೋಡಿದಳು. ಕಾಕಾ ಬಾಗಿಲಲ್ಲೇ ನಿಂತಿದ್ದರೂ ರೂಢಿಯಂತೆ “ಯಾಕವ್ವ, ಹರೀತೇನು?” ಎಂದ. ಎಲ್ಲರೂ ನಕ್ಕೆವು. ಮಾದೇವಿಯೂ ನಕ್ಕಳು. ನಗುತ್ತಲೇ ಕಾಲು ಒತ್ತಿದಳು, ವಾಕ್ಯ ಬಂದುಬಿಟ್ಟಿತು.

ಆ ನಗುವನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಮುಂದೆ ಆಗುವುದೆಲ್ಲ ನಮ್ಮೆದುರಿಗೇ, ಹಾಡಹಗಲಲ್ಲಿ, ನಾಲ್ಕು ಜನರ ನಡುವೆ ಒಮ್ಮೆ ಆಗಿ ತೋರಿಸಿತ್ತು. ನೋಡಿದೆವು, ನಕ್ಕೆವು. ಯಾರದೂ ಕೆಟ್ಟ ನಗುವಲ್ಲ. ಅದೇ ಅದರ ಕಷ್ಟ.

ಪರೀಕ್ಷೆ ಜಮಖಂಡಿಯಲ್ಲಿತ್ತು. ಮುಂಜಾನೆಯ ಕೆಂಪು ಬಸ್ಸಿನಲ್ಲಿ ನಾವಿಬ್ಬರೂ ಹೊರಟೆವು. ಮಡಿಲಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು, ಕೈಯಲ್ಲಿ ಶಾಯಿ ತುಂಬಿದ ಪೆನ್ನು. ಬಸ್ಸಿನ ತಗಡಿನ ನೆಲದ ಮೇಲೆ ಮಾದೇವಿಯ ಕಾಲುಗಳು ತಮ್ಮ ಕೆಲಸ ನಡೆಸಿದ್ದವು, ತುಟಿಗಳು ತಮ್ಮದನ್ನು. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ, “ಏನ್ ಮಂತ್ರ ಹೇಳಾಕತ್ತೀಯವ್ವಾ?” ಎಂದು ಕೇಳಿದಳು.

“ಮಂತ್ರ ಅಲ್ಲಬೇ ಆಯಿ, ಇಂಗ್ಲಿಷು.”

“ಹೌದಾ? ಛಲೋ ಐತಿ ನೋಡು. ನನಗ ಆಗಲೇ ಜೊಂಪು ಹತ್ತಾಕತ್ತಿತ್ತು.”

ಮಾದೇವಿ ಬಾಯಿಗೆ ಸೆರಗು ಒತ್ತಿ ನಕ್ಕಳು. ಅವಳು ಅಷ್ಟು ಹಗುರಾಗಿದ್ದದ್ದನ್ನು ನಾನು ಕಂಡದ್ದು ಅದೇ ಕೊನೆ ಇರಬೇಕು. “ಪಾಸಾದ್ರ ಮೊದಲ ಯಾರಿಗೆ ಹೇಳ್ತಿ?” ಎಂದು ಕೇಳಿದೆ. “ಅಪ್ಪಗ. ಮಗ್ಗದ ಮ್ಯಾಲ ಕುಂತ ಇಂಗ್ಲಿಷಿನಾಗ ಹೇಳತೀನಿ. ಅಂವಗ ತಿಳೀಲಿ ಬಿಡ್ಲಿ,” ಎಂದಳು.

ಪರೀಕ್ಷೆಯ ಕೋಣೆ ಎತ್ತರದ ಮಾಡಿನದು. ಮಾದೇವಿ ಒಂದು ಬಾಕಿನ, ಎಂದರೆ ಬೆಂಚಿನ, ಬಲತುದಿಗೆ; ನಾನು ಅವಳ ಬಲಬದಿಯ ಸಾಲಿನಲ್ಲಿ ಒಂದು ಬಾಕು ಹಿಂದೆ, ಎಡತುದಿಗೆ. ಅವಳ ಬೆನ್ನು, ಬಲಗೈ, ಬಾಕಿನ ಕೆಳಗಿನ ಎರಡೂ ಪಾದಗಳು ನನಗೆ ಕಾಣುತ್ತಿದ್ದವು. ಅಲ್ಲಿ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಆ ಕೋಣೆ ಬಹಳ ನಿಶ್ಶಬ್ದವಾಗಿತ್ತು. ಬನಹಟ್ಟಿಯಲ್ಲಿ ಬೆಳೆದವರಿಗೆ ಹಗಲು ಹೊತ್ತಿನ ಅಂಥ ನಿಶ್ಶಬ್ದ ಹೊಸದು; ನನಗೇ ಕಿವಿ ಮುಚ್ಚಿದಂತಾಗಿತ್ತು. ಪ್ರಶ್ನೆಪತ್ರಿಕೆ ಕೊಟ್ಟರು. ಚಿಕ್ಕವರಿದ್ದಾಗ ನೀವು ಮಾಡುತ್ತಿದ್ದ ಕೆಲಸಗಳ ಮೇಲೆ ವಾಕ್ಯಗಳನ್ನು ಬರೆಯಿರಿ, ಕೊಟ್ಟ ಗುಣವಾಚಕಗಳಿಂದ ಕ್ರಿಯಾವಿಶೇಷಣ ಮಾಡಿ ಬಳಸಿರಿ: ಎಲ್ಲ ನಮಗೆ ಬಂದದ್ದೇ. ನಾನು ಖುಷಿಯಿಂದ ಮಾದೇವಿಯ ಬೆನ್ನು ನೋಡಿದೆ. ಅವಳ ಎಡಗಾಲು ನೆಲ ಒತ್ತಿತು, ಬಲಗೈ ಪೆನ್ನಿನ ಸಮೇತ ಹಗ್ಗ ಜಗ್ಗುವಂತೆ ಒಂದಿಷ್ಟು ಅತ್ತ ಸರಿಯಿತು, ಬಲಗಾಲು ಒತ್ತಿತು. ಬರೆದಳು. ಮತ್ತೆ ಎಡಗಾಲು. ಹಳೆಯ ಬಾಕು, ಒಂದು ಕಾಲಿನ ಮೊಳೆ ಸಡಿಲಾಗಿತ್ತು. ಅವಳು ತುಳಿದಾಗಲೊಮ್ಮೆ ಅದು ‘ಕಿರ್’ ಎನ್ನುತ್ತಿತ್ತು. ಪಕ್ಕದಲ್ಲಿ ಕೂತ ಹುಡುಗಿ ಒಮ್ಮೆ ನೋಡಿದಳು, ಎರಡನೆಯ ಸಲ “ಶ್” ಎಂದಳು, ಮೂರನೆಯ ಸಲ ಕೈಯೆತ್ತಿ ಮೇಲ್ವಿಚಾರಕರನ್ನು ಕರೆದಳು.

ಅವರು ದುಷ್ಟರಲ್ಲ. ನಡುವಯಸ್ಸಿನವರು, ನೆಗಡಿಯಾಗಿತ್ತು, ಮತ್ತೆಮತ್ತೆ ಕರವಸ್ತ್ರ ತೆಗೆಯುತ್ತಿದ್ದರು. ಬಂದು ನಿಂತು, “ಏ ಹುಡಿಗಿ, ಏನಿದು ಕಾಲ ಕುಣಸೂದು? ಮಂದಿ ಬರೀಬೇಕೋ ಬ್ಯಾಡೋ?” ಎಂದರು. ಮಾದೇವಿ ಕಾಲು ನಿಲ್ಲಿಸಿದಳು. ಅವರು ಎರಡು ಹೆಜ್ಜೆ ಹೋಗುವಷ್ಟರಲ್ಲಿ ಕಾಲು ತಾನೇ ಒತ್ತಿತು. ಬಾಕು ಮತ್ತೆ ‘ಕಿರ್’ ಎಂದಿತು. ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವರು ತಿರುಗಿ ಬಂದರು. “ಎರಡೂ ಕಾಲ ಮ್ಯಾಲ ತಗೊಂಡು ಕುಂದ್ರು ನೋಡೋಣು. ಹಾಂ. ಪೂಜಿಗೆ ಕುಂತಂಗ ಕುಂತು ಬರಿ.”

ಮಾದೇವಿ ಸೀರೆ ಸರಿಪಡಿಸಿಕೊಂಡು, ಎರಡೂ ಕಾಲು ಮಡಚಿ ಬಾಕಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಬಲಗೈ ಪೆನ್ನು ಹಿಡಿದು ಕಾಗದದ ಮೇಲೆ ಇತ್ತು. ಅದು ಸ್ವಲ್ಪ ಬಲಕ್ಕೆ ಸರಿಯಿತು, ಹಾಗೆಯೇ ತಿರುಗಿ ಬಂತು, ಮತ್ತೆ ಸರಿಯಿತು, ಏನೂ ಬರೆಯಲಿಲ್ಲ. ಬಾಡಿದ ಹುಲ್ಲಿನ ಹಾಗೆ ಅವಳ ಭುಜ ನಿಧಾನವಾಗಿ ಇಳಿದದ್ದನ್ನು ನಾನು ನೋಡಿದೆ. ಆಮೇಲೆ ಕೈಯೂ ನಿಂತಿತು.

ಮಗ್ಗ ನಿಂತಿತ್ತು. ಆ ತುಂಬಿದ ಕೋಣೆಯಲ್ಲಿ, ಅಷ್ಟೊಂದು ಜನರ ನಡುವೆ, ‘ಯಾಕವ್ವ, ಹರೀತೇನು?’ ಎಂದು ಕೇಳುವವರು ಯಾರೂ ಇರಲಿಲ್ಲ. ನನಗೆ ಗೊತ್ತಿತ್ತು, ಆದರೆ ಅಲ್ಲಿ ಬಾಯಿ ತೆರೆದರೆ ಇಬ್ಬರನ್ನೂ ಎಬ್ಬಿಸಿ ಹೊರಗೆ ಕಳಿಸುತ್ತಿದ್ದರು. ನಾನು ಬರೆದೆ. ಬರೆಯುವಾಗ ನನ್ನ ಕಾಲುಗಳು ಸದ್ದಿಲ್ಲದೆ, ಬರಿ ಬೆರಳ ತುದಿಯಿಂದ, ನೆಲವನ್ನು ಒತ್ತುತ್ತಿದ್ದವು. ನನ್ನ ಬಾಕಿನ ಮೊಳೆಗಳು ಗಟ್ಟಿಯಾಗಿದ್ದವು. ನಾನು ಪಾಸಾದದ್ದಕ್ಕೂ ಅವಳು ನಪಾಸಾದದ್ದಕ್ಕೂ ನಡುವೆ ಒಂದು ಸಡಿಲ ಮೊಳೆಯಷ್ಟು ಅಂತರವಿತ್ತು ಎಂದು ನಾನು ಇಷ್ಟು ವರ್ಷಗಳ ಮೇಲೆಯೂ ನಂಬುತ್ತೇನೆ.

ಹೊರಗೆ ಬಂದ ಮೇಲೆ ಬೇವಿನ ಗಿಡದ ಕೆಳಗೆ ರೊಟ್ಟಿಯ ಗಂಟು ಬಿಚ್ಚಿದೆವು. ಮಾದೇವಿ ಅಳಲಿಲ್ಲ. “ಎಲ್ಲಾ ಗೊತ್ತಿತ್ತಲೇ ಸುಮಿ. ಒಳಗ ಐತಿ. ತರೂದು ಹೆಂಗ ಅನ್ನೂದ ತಿಳೀಲಿಲ್ಲ,” ಎಂದಳು. ಆಮೇಲೆ ಕೆಳಗಿಟ್ಟ ಕಾಲಿನಿಂದ ಮಣ್ಣನ್ನು ಒಂದೆರಡು ಸಲ ಒತ್ತಿ, ಪ್ರಶ್ನೆಪತ್ರಿಕೆಯ ಎಲ್ಲ ಉತ್ತರಗಳನ್ನೂ ಒಂದೂ ತಪ್ಪಿಲ್ಲದೆ ಹೇಳಿದಳು. ನಾನು ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಕೇಳಿದೆ.

ಮಾತು ಕೊಟ್ಟ ಪ್ರಕಾರ ಆ ಚಳಿಗಾಲದಲ್ಲಿ ರಬಕವಿಯವರು ಬಂದು ವೀಳ್ಯ ಹಿಡಿದು ಲಗ್ನ ಗೊತ್ತುಮಾಡಿದರು. ಮಾಸ್ತರರು ಕಾಕಾನ ಮನೆಗೆ ಹೋಗಿ ಮಾದೇವಿಯನ್ನು ಇನ್ನೊಂದು ಸಲ ಪರೀಕ್ಷೆಗೆ ಕೂಡಿಸಲು ಕೇಳಿದರು. ನಾನು ಅವರ ಹಿಂದೆಯೇ ಇದ್ದೆ. ಕಾಕಾ, “ಆಕೀನ ಕೇಳ್ರಿ ಮಾಸ್ತರ. ಆಕಿ ಹೂಂ ಅಂದ್ರ ಬೀಗರ ಕಾಲ ಹಿಡೀತೀನಿ,” ಎಂದ. ಮಾದೇವಿ ಆಗ ಮಗ್ಗದ ಮೇಲಿರಲಿಲ್ಲ. ಮಗ್ಗವೇ ಇರಲಿಲ್ಲ. ಕಣ್ಣು ಸರಿಹೋಗಲಾರದೆಂದು ವೈದ್ಯರು ಹೇಳಿದ ಮೇಲೆ, ಮಗಳೂ ಹೋಗುವವಳಿದ್ದ ಮೇಲೆ, ಕಾಕಾ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದ. ಕುಣಿಗೆ ಮಣ್ಣು ತುಂಬಿ, ದಮ್ಮಸು ಮಾಡಿ, ಮೇಲೆ ಸೆಗಣಿ ಸಾರಿಸಿದ್ದರು. ಹಸಿ ಆರಿರದ ಆ ಉದ್ದನೆಯ ಗುರುತಿನ ಕಡೆ ನೋಡುತ್ತ ಮಾದೇವಿ, “ಎಲ್ಲಿ ಕುಂತು ಓದ್ಲಿರಿ ಮಾಸ್ತರ?” ಎಂದಳು.

ಮಾಸ್ತರರು ಎದ್ದು ಹೊರಬಿದ್ದರು. ಓಣಿ ದಾಟಿ, ತಿರುವಿನಲ್ಲಿ ನಿಂತು, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, “ಅವತ್ತ ನಗಬಾರದಾಗಿತ್ತು,” ಎಂದರು.

ಮನುಷ್ಯನು ಕಲಿತದ್ದು ಎಲ್ಲಿ ಇರುತ್ತದೆ ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ತಲೆಯಲ್ಲಿ ಎಂದು ನಾವು ಸರಾಗವಾಗಿ ಹೇಳುತ್ತೇವೆ, ಅದಕ್ಕೆ ತಕ್ಕ ಬಾಕುಗಳನ್ನು ಮಾಡಿಸಿ, ಅದಕ್ಕೆ ತಕ್ಕ ಮೌನವನ್ನೂ ಏರ್ಪಡಿಸುತ್ತೇವೆ. ಈಜುವವನ ವಿದ್ಯೆಯನ್ನು ನೀರಿಲ್ಲದೆ ಯಾರೂ ಪರೀಕ್ಷಿಸುವುದಿಲ್ಲ. ರೊಟ್ಟಿ ಬಡಿಯುವವಳನ್ನು ಹಿಟ್ಟು ಕೊಡದೆ ಯಾರೂ ಕೇಳುವುದಿಲ್ಲ. ಮಾದೇವಿಯ ಇಂಗ್ಲಿಷು ಇದ್ದದ್ದು ಆ ಕುಣಿಯಲ್ಲಿ. ಅವಳನ್ನು ಅಲ್ಲಿಂದ ಎಬ್ಬಿಸಿ, ಬಸ್ಸಿನಲ್ಲಿ ಕೂರಿಸಿ, ಕಾಲು ಮಡಚಿಸಿ, ಈಗ ಹೇಳು ಎಂದೆವು. ಹಾಗೆಂದು ಆ ಕೋಣೆಯಲ್ಲಿ ಮಗ್ಗ ಹೂಡಲು ಆಗುತ್ತಿತ್ತೇ ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ. ಮೇಲ್ವಿಚಾರಕರು ತಮ್ಮ ಕೆಲಸ ಮಾಡಿದರು, ಪಕ್ಕದ ಹುಡುಗಿಗೂ ಅದು ಅವಳ ಬದುಕಿನ ಪರೀಕ್ಷೆಯೇ ಆಗಿತ್ತು. ತಪ್ಪು ಯಾರದೆಂದು ಹುಡುಕುತ್ತ ಹೋದರೆ ಕೈಗೆ ಒಬ್ಬರೂ ಸಿಗುವುದಿಲ್ಲ. ಸಿಕ್ಕಿದ್ದರೆ ಮನಸ್ಸಿಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ನಾನು ಈಗ ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗೆ ನಿಂತಾಗ ಮಕ್ಕಳ ಕಾಲುಗಳನ್ನು ನೋಡುವುದಿಲ್ಲ. ಪೆನ್ನು ನಿಂತವರ ಹತ್ತಿರ ಹೋಗಿ, ನೀರು ಬೇಕೇ ಎಂದು ಕೇಳುತ್ತೇನೆ. ಕೇಳಲು ನಿಯಮದಲ್ಲಿ ಅವಕಾಶವಿರುವ ಪ್ರಶ್ನೆ ಅದೊಂದೇ.

ಗೌಂಡಿಯ ಕೆಲಸ ನಡೆದಿದ್ದ ವಾರದಲ್ಲೇ ಮಾದೇವಿ ನಮ್ಮ ಮನೆಗೆ ಬಂದಳು. ಲಗ್ನವಾದ ಮೇಲೆ ಆಗೊಮ್ಮೆ ಈಗೊಮ್ಮೆ ಸಂತೆಯಲ್ಲಿ, ಮದುವೆ ಮನೆಗಳಲ್ಲಿ ಸಿಕ್ಕಿದ್ದಳು. ಮನೆಗೆ ಬಂದದ್ದು ಇದೇ ಮೊದಲು. ಜಮಖಂಡಿಯಲ್ಲಿ ಕಣ್ಣು ತೋರಿಸಿಕೊಳ್ಳಲು ಬಂದಿದ್ದಳಂತೆ. “ಅಪ್ಪನ ಆಸ್ತಿ, ನನಗ ಬಂದೈತಿ ನೋಡು,” ಎಂದು ಕಣ್ಣು ತೋರಿಸಿ ನಕ್ಕಳು. ಶಿವಲಿಂಗಪ್ಪ ಕಾಕಾ ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. ರಬಕವಿಯ ಅವಳ ಮನೆಯಲ್ಲಿ ಈಗ ವಿದ್ಯುತ್ ಮಗ್ಗಗಳು. ನೇಯ್ಗೆ ಹೇಗೆ ನಡೆದಿದೆ ಎಂದು ಕೇಳಿದೆ.

“ಈಗಿನ ಮಗ್ಗಕ್ಕ ಕಾಲ ಬೇಕಾಗಿಲ್ಲಲೇ. ಬಟನ್ ಒತ್ತಿದ್ರ ತಾನ ಬಡಕೋತ ಕುಂದರತೈತಿ. ನಾವು ನಿಂತು ಕಾಯೂದು, ದನಾ ಕಾದಂಗ.”

“ಇಂಗ್ಲಿಷು?”

“ಯಾವಾಗಿಂದೋ ಮಾತು! ಎ ಬಿ ಸಿ ಡಿ ಸುದ್ಧಾ ನೆಪ್ಪಿಲ್ಲ. ನನ್ನ ಮಗಳು ನಗತಾಳ, ಯವ್ವಾ ನೀ ಯಾವಾಗ ಇಂಗ್ಲಿಷ್ ಕಲತಿದ್ದಿ ಅಂತ.”

ನಾನು ಚಹಾ ಮಾಡಲು ಒಳಗೆ ಹೋದೆ. ಗೌಂಡಿ ಸರಿಸಿದ್ದ ಮೇಜನ್ನು ಮತ್ತೆ ಅದರ ಜಾಗಕ್ಕೇ ಇಟ್ಟಿದ್ದೆವು. ಮಾದೇವಿ ಕಿಟಕಿಯ ಗಾಳಿಗೆಂದು ನನ್ನ ಕುರ್ಚಿಯ ಮೇಲೆ ಕೂತಿದ್ದಳು. ಚಪ್ಪಲಿ ಹೊಸ್ತಿಲ ಹೊರಗೆ ಬಿಟ್ಟಿದ್ದಳು. ಚಹಾ ಸೋಸುತ್ತಿದ್ದಾಗ ಪಡಸಾಲೆಯಿಂದ ಒಂದು ಮೆಲ್ಲನೆಯ ಸಪ್ಪಳ ಕೇಳಿತು. ಬರಿಗಾಲು ಕಲ್ಲಿಗೆ ತಾಕುವ ಸಪ್ಪಳ. ಒಂದು, ಆಮೇಲೆ ಇನ್ನೊಂದು. ಲೋಟಗಳನ್ನು ಹಿಡಿದು ಬಾಗಿಲ ತನಕ ಬಂದು ನಿಂತೆ.

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಎರಡೂ ಪಾದಗಳು ಸವೆದ ಆ ಎರಡು ಜಾಗಗಳ ಮೇಲೆ ಇದ್ದವು. ಅವು ಅವಳಿಗೆ ತಾವಾಗಿ ಸಿಕ್ಕಿದ್ದವೋ, ಅವಳ ಕಾಲೇ ಹುಡುಕಿಕೊಂಡಿತ್ತೋ ನನಗೆ ತಿಳಿಯದು. ಎಡಗಾಲು ಒತ್ತಿತು. ಮಡಿಲಲ್ಲಿದ್ದ ಬಲಗೈ ಒಂದಿಷ್ಟು ಅತ್ತ ಸರಿಯಿತು. ತುಟಿಗಳು ಅಲುಗಿದವು.

“ಮಾಯ್ ಫಾದರ್,” ಎಂದಳು. “ಯೂಸ್ಡ್ ಟು. ವೀವ್. ಬ್ಯೂಟಿಫುಲಿ.”

ಆಮೇಲೆ ಕಾಲು ನಿಂತಿತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ತಿರುಗಲಿಲ್ಲ. ಇಷ್ಟು ವರ್ಷ ಕೇಳಬೇಕಾಗಿದ್ದನ್ನು ನಾನು ಬಾಗಿಲಲ್ಲಿ ನಿಂತೇ ಕೇಳಿದೆ.

“ಯಾಕ ಮಾದೇವಿ, ಹರೀತೇನು?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ವೈದ್ಯರು ಹಾಕಿದ ಔಷಧದ ಹನಿಯಿಂದ ನೀರು ಬರುತ್ತಿದ್ದುದೂ ನಿಜ.

“ಹರದಿಲ್ಲಲೇ,” ಎಂದಳು. “ಕಂಡಿಕಿ ತೀರೈತಿ.”

ಚಹಾ ಕುಡಿದು, ಸಂಜೆಯ ಬಸ್ಸಿಗೆ ಹೋದಳು. ಮರುದಿನ ಗೌಂಡಿ ಬಂದು ಉಳಿದ ಮೂಲೆ ತೋರಿಸಿ, “ಈ ಕಲ್ಲಿಂದ ಏನ್ ಮಾಡೂದ್ರಿ ಬಾಯಾರ? ಕೀಳಲೇನ್ರಿ, ಉಜ್ಜಲೇನ್ರಿ?” ಎಂದು ಕೇಳಿದ.

“ಅದೊಂದು ಹಂಗ ಬಿಡಪ್ಪ,” ಎಂದೆ.